ಹಳ್ಳಿ ಕರೆಂಟು, ಹ್ಯಾಮ್ ರಿಗ್ಗು: ನಮ್ಮ ಕಡೆಗೆ ಒಗ್ಗುವ ಪವರ್ ಸಪ್ಲೈ ಯಾವುದು?

ತಿಪಟೂರು, ಗೌರಿಬಿದನೂರು, ಶ್ರೀನಿವಾಸಪುರದ ಕಡೆ ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆದವರು ರಿಗ್ (ಕಳಿಸುವ, ಕೇಳುವ ರೇಡಿಯೊ ಸೆಟ್ಟು) ಆರಿಸಲು ಆರು ತಿಂಗಳು ಯೋಚಿಸುತ್ತಾರೆ, ಪವರ್ ಸಪ್ಲೈಗೆ ಅರ್ಧ ಗಂಟೆಯೂ ಕೊಡುವುದಿಲ್ಲ. ‘ಮೂವತ್ತು ಆಂಪಿಯರ್ ಅಂತ ಬರೆದಿದ್ದರೆ ಸಾಕಲ್ಲ’ ಎನ್ನುವುದು ಸಾಮಾನ್ಯ ಲೆಕ್ಕ. ಆ ಲೆಕ್ಕ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹೇಗೋ ನಡೆದೀತು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ನಡೆಯುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ. ಇಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ಬರುವ ವೋಲ್ಟೇಜು ಹೊತ್ತಿಗೊಂದು ಥರ. ಇನ್ನೊಂದು, ಇಲ್ಲಿನ ಬಯಲಿನಲ್ಲಿ ರೇಡಿಯೊ ಗದ್ದಲ ಕಡಿಮೆ, ಹಾಗಾಗಿ ಸಪ್ಲೈ ತಾನೇ ಎಬ್ಬಿಸುವ ಗದ್ದಲ ಎದ್ದು ಕೇಳುತ್ತದೆ. ಲೇಬಲ್ಲಿನ ಆಂಪಿಯರ್ ನೋಡುವುದು ಈ ಎರಡರ ನಂತರದ ಕೆಲಸ.

ತೀರ್ಪನ್ನು ಮೊದಲೇ ಹೇಳುತ್ತೇವೆ. 100 ವ್ಯಾಟಿನ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ರಿಗ್ಗಿಗೆ ಹೊಸದಾಗಿ ಕೊಳ್ಳುವುದಾದರೆ ಮೀನ್‌ವೆಲ್ ಕಂಪನಿಯ ಆರ್‌ಎಸ್‌ಪಿ-500-15 ಮೊದಲ ಆಯ್ಕೆ. ಅದನ್ನು 13.8 ವೋಲ್ಟಿಗೆ ಇಳಿಸಿ, ಒಳ್ಳೆಯ ಡಬ್ಬಿಯೊಳಗೆ ಕೂರಿಸಿ, ಕರೆಂಟಿನ ಕಡೆ, ರಿಗ್ಗಿನ ಕಡೆ ಎರಡಕ್ಕೂ ಫೆರೈಟ್ (ಗದ್ದಲ ತಡೆಯುವ ಉಂಗುರ) ಹಾಕಿ ಬಳಸಬೇಕು. ಕೈ ಬಿಗಿ ಇದ್ದರೆ, ಮನೆಯ ವೋಲ್ಟೇಜ್ ಯಾವಾಗಲೂ 190ಕ್ಕಿಂತ ಮೇಲಿದ್ದರೆ, ಅದೇ ಕಂಪನಿಯ ಎಲ್‌ಆರ್‌ಎಸ್-350-12 ಸಾಕು. ಹಳೆಯ ಲೀನಿಯರ್ (ದೊಡ್ಡ ಟ್ರಾನ್ಸ್‌ಫಾರ್ಮರಿನ) ಸಪ್ಲೈ ಸಿಕ್ಕರೆ ಅದರ ಕಥೆ ಬೇರೆ, ಮುಂದೆ ಬರುತ್ತದೆ. ಹೆಸರಿಲ್ಲದ ಎಲ್‌ಇಡಿ ಸ್ಟ್ರಿಪ್ಪಿನ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಸಪ್ಲೈ) ಬೇಡ.

ರಿಗ್ಗಿಗೆ ಬೇಕಾದದ್ದು ಎಷ್ಟು

ಈಗಿನ ಬಹುತೇಕ ರಿಗ್ಗುಗಳಿಗೆ 13.8 ವೋಲ್ಟ್ ಡಿಸಿ ಬೇಕು, ಹೆಚ್ಚು ಕಡಿಮೆ ಶೇ 15 ಆಗಬಹುದು. ಅಂದರೆ ಕೆಳಗೆ 11.7, ಮೇಲೆ 15.9. ಐಕಾಂ ಐಸಿ-7300 ಪೂರ್ತಿ 100 ವ್ಯಾಟ್ ಕಳಿಸುವಾಗ 21 ಆಂಪಿಯರ್ ಎಳೆಯುತ್ತದೆ, ಯೇಸು ಎಫ್‌ಟಿ-891 ಮತ್ತು 991ಎ 23 ಆಂಪಿಯರ್. ಕೇಳುತ್ತಾ ಕೂತಾಗ ಐಸಿ-7300 ಎಳೆಯುವುದು 1 ಆಂಪಿಯರಿನ ಆಸುಪಾಸು. ಒಂದರಿಂದ ಇಪ್ಪತ್ತಕ್ಕೆ ಒಂದೇ ಕ್ಷಣದಲ್ಲಿ ಜಿಗಿಯುವ ಹೊರೆ ಇದು. ಹಾಗಾಗಿ ಸಪ್ಲೈ ಒಂದೇ ಸಮನೆ ಎಷ್ಟು ಕೊಡುತ್ತದೆ ಎನ್ನುವುದರ ಜೊತೆಗೆ, ಈ ಜಿಗಿತಕ್ಕೆ ವೋಲ್ಟೇಜು ಎಷ್ಟು ಕುಸಿಯುತ್ತದೆ ಎನ್ನುವುದನ್ನೂ ನೋಡಬೇಕು.

ಯಾವ ಮೋಡಿನಲ್ಲಿ ಮಾತಾಡುತ್ತೀರಿ ಎನ್ನುವುದೂ ಮುಖ್ಯ. ಎಸ್‌ಎಸ್‌ಬಿ ಎಂಬ ಮಾತಿನ ಮೋಡಿನಲ್ಲಿ ಮಾತಿನ ನಡುವೆ ಬಿಡುವಿರುತ್ತದೆ, ಸರಾಸರಿ ಹೊರೆ ಮೂರನೇ ಒಂದು ಭಾಗದಷ್ಟು. ಕಂಪ್ಯೂಟರ್ ಮೂಲಕ ನಡೆಸುವ ಎಫ್‌ಟಿ8 ಎಂಬ ಡಿಜಿಟಲ್ ಮೋಡಿನಲ್ಲಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಪೂರ್ತಿ ಹೊರೆ, ಆಮೇಲೆ ಒಂದು ಸರದಿ ಬಿಡುವು. ಎಫ್‌ಎಂನಲ್ಲಿ ಬಟನ್ ಒತ್ತಿರುವಷ್ಟು ಹೊತ್ತೂ ಪೂರ್ತಿ. ಲೇಬಲ್ಲಿನ ಮೇಲೆ ಎರಡು ಅಂಕಿ ಇದ್ದರೆ ಚಿಕ್ಕದನ್ನೇ ನಂಬಬೇಕು. ಆಸ್ಟ್ರಾನ್ ಆರ್‌ಎಸ್-35ಎ ಎಂಬ ಹೆಸರುವಾಸಿ ಲೀನಿಯರ್ ಸಪ್ಲೈನ ಹೆಸರಿನಲ್ಲಿ 35 ಇದ್ದರೂ ಅದು ಒಂದೇ ಸಮನೆ ಕೊಡುವುದು 25 ಆಂಪಿಯರ್. 35 ಎನ್ನುವುದು ನಡುನಡುವೆ ಬಿಡುವು ಕೊಟ್ಟಾಗಿನ ಅಂಕಿ.

ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸಿನವರಿಗೆ ಕಳಿಸುವ ಪವರಿನ ಮಿತಿ 50 ವ್ಯಾಟ್. ಸದ್ಯಕ್ಕೆ 15ರಿಂದ 20 ಆಂಪಿಯರ್ ಸಾಕು. ಆದರೆ ಮೇಲಿನ ದರ್ಜೆಯ ಜನರಲ್ ಗ್ರೇಡ್ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಈಗಲೇ ದೊಡ್ಡದು ಕೊಳ್ಳುವುದು ಲೇಸು.

ಮೊದಲು ಗೋಡೆಯ ಕಡೆ ನೋಡಿ

ನಿಯಮದ ಪ್ರಕಾರ ಮನೆಗೆ ಬರುವ 230 ವೋಲ್ಟ್ ಶೇ 6ರಷ್ಟು ಮಾತ್ರ ಏರಿಳಿಯಬೇಕು, ಅಂದರೆ 216ರಿಂದ 244. ಬೇಸಿಗೆಯಲ್ಲಿ ತ್ರೀ ಫೇಸ್ ಕೊಟ್ಟ ಹೊತ್ತಿಗೆ ತೋಟದ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ. ಟಿಸಿಯಿಂದ ದೂರದ ಕಂಬಕ್ಕಿರುವ ಮನೆಯಲ್ಲಿ ಆಗ 170, 180 ತೋರಿಸುವುದು ಹೊಸದೇನಲ್ಲ. ಪಂಪ್‌ಸೆಟ್ಟಿಗೆ ಬೇರೆ ಫೀಡರ್ ಮಾಡಿದ ಊರುಗಳಲ್ಲಿ ಈ ತೊಂದರೆ ಕಡಿಮೆ. ರಾತ್ರಿ ಮೋಟಾರುಗಳು ನಿಂತ ಮೇಲೆ ಅದೇ ಸಾಕೆಟ್ಟಿನಲ್ಲಿ 245 ಬರುತ್ತದೆ. 40 ಮೀಟರ್ ಬ್ಯಾಂಡು ದೂರಕ್ಕೆ ತೆರೆದುಕೊಳ್ಳುವುದೂ ಸಂಜೆಯ ಮೇಲೆಯೇ.

ಕೊಳ್ಳುವ ಮೊದಲು ಒಂದು ವಾರ ಮಲ್ಟಿಮೀಟರ್ ಹಿಡಿದು ದಿನಕ್ಕೆ ಮೂರು ಹೊತ್ತು ಅಳೆದು ಬರೆದಿಡಿ: ಬೆಳಿಗ್ಗೆ ತ್ರೀ ಫೇಸ್ ಇರುವಾಗ, ಸಂಜೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ. ಈ ಇಪ್ಪತ್ತೊಂದು ಅಂಕಿಗಳಲ್ಲಿ ಅತಿ ಕಡಿಮೆ ಯಾವುದು, ಅತಿ ಹೆಚ್ಚು ಯಾವುದು ಎಂದು ನೋಡಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಲೀನಿಯರ್ ಸಪ್ಲೈ ಸೋಲುವುದು ಇಲ್ಲಿಯೇ. ಅದರ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 18 ವೋಲ್ಟಿಗೆ ಇಳಿಸುತ್ತದೆ ಎನ್ನಿ. ಡಯೋಡುಗಳು ದಾಟಿ ಕೆಪಾಸಿಟರಿಗೆ ಸೇರುವಾಗ ತುದಿಯಲ್ಲಿ 23 ವೋಲ್ಟ್. ಲೈನು 180ಕ್ಕೆ ಇಳಿದರೆ ಅದೇ ಲೆಕ್ಕದಲ್ಲಿ 18 ಚಿಲ್ಲರೆ. 20 ಆಂಪಿಯರ್ ಹೊರೆಗೆ 66,000 ಮೈಕ್ರೊಫ್ಯಾರಡ್ ಇದ್ದರೂ 3 ವೋಲ್ಟ್ ರಿಪಲ್ (ಅಲೆಯಂಥ ಏರಿಳಿತ) ಇರುತ್ತದೆ, ಕಣಿವೆಯಲ್ಲಿ ಉಳಿಯುವುದು 15. ರೆಗ್ಯುಲೇಟರ್ ಮತ್ತು ಹೊರೆಯ ಕರೆಂಟು ದಾಟುವ ಪಾಸ್ ಟ್ರಾನ್ಸಿಸ್ಟರಿಗೆ ಕೆಲಸ ಮಾಡಲು 2ರಿಂದ 3 ವೋಲ್ಟ್ ಬೇಕು. 15ರಲ್ಲಿ ಅದನ್ನು ಕಳೆದರೆ 13.8 ಎಲ್ಲಿಂದ ಬರಬೇಕು? ಸೆಕೆಂಡಿಗೆ ನೂರು ಸಲ ಔಟ್‌ಪುಟ್ ಕುಸಿದು ಏಳುತ್ತದೆ. ಎದುರಿನವರಿಗೆ ನಿಮ್ಮ ದನಿಯ ಹಿಂದೆ ಗುಂಯ್ ಎನ್ನುವ ಹಮ್ ಕೇಳುತ್ತದೆ. ದೋಷ ರಿಗ್ಗಿನದೆಂದು ಬಿಚ್ಚಿ ನೋಡುವವರಿದ್ದಾರೆ. ಕೆಟ್ಟಿರುವುದು ರಿಗ್ಗೂ ಅಲ್ಲ, ಸಪ್ಲೈಯೂ ಅಲ್ಲ, ಲೈನ್ ವೋಲ್ಟೇಜು ಸಾಲದಾಗಿದೆ.

ವೋಲ್ಟೇಜ್ ಜಾಸ್ತಿಯಾದಾಗ ತೊಂದರೆ ಇನ್ನೊಂದು ಬಗೆಯದು. ಕಂಬದಲ್ಲಿ ನ್ಯೂಟ್ರಲ್ ಕಟ್ಟಾದರೆ ಸಿಂಗಲ್ ಫೇಸ್ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಮೀನ್‌ವೆಲ್ಲಿನ ಈ ಸರಣಿಗಳು 300 ವೋಲ್ಟನ್ನು 5 ಸೆಕೆಂಡ್ ತಡೆದುಕೊಳ್ಳುತ್ತವೆ ಎಂದು ಕಂಪನಿ ಹೇಳುತ್ತದೆ. ಅದು ಒಳ್ಳೆಯ ಗುಣವೇ, ಆದರೆ 400ಕ್ಕೆ ಅದು ಉತ್ತರವಲ್ಲ. ಬೋರ್ಡಿನಲ್ಲಿ ಹೈ-ಲೋ ವೋಲ್ಟೇಜ್ ಕಟ್‌ಆಫ್ ಒಂದನ್ನು ಕೂರಿಸಿ. ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ತಡೆದು ಸಂಪರ್ಕ ಕೊಡುವಂಥದ್ದು ಆಗಬೇಕು, ಏಕೆಂದರೆ ಕರೆಂಟು ಬಂದ ಮೊದಲ ಕ್ಷಣಗಳಲ್ಲೇ ಏರಿಳಿತ ಹೆಚ್ಚು.

ಎಲ್‌ಆರ್‌ಎಸ್-350-12: ಅಗ್ಗ, ಆದರೆ ಅಂಚಿನಲ್ಲಿ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಸುಲಭವಾಗಿ ಸಿಗುವ ಮಾಲು. 12 ವೋಲ್ಟ್, 29 ಆಂಪಿಯರ್, 348 ವ್ಯಾಟ್. ಟರ್ಮಿನಲ್ಲಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ 10.2ರಿಂದ 13.8ರವರೆಗೆ ಹೋಗುತ್ತದೆ. ಅಂದರೆ ನಮಗೆ ಬೇಕಾದ 13.8 ಅದರ ಕೊನೆಯ ಮೆಟ್ಟಿಲು. ವೈರಿನಲ್ಲಿ ಕಳೆದುಹೋಗುವುದನ್ನು ತುಂಬಿಕೊಡಲು ಸ್ವಲ್ಪ ಮೇಲೆ ಇಡೋಣ ಎಂದರೆ ಜಾಗವಿಲ್ಲ. ಇನ್ನೊಂದು ಮಾತು ಮರೆಯುವಂತಿಲ್ಲ: ವೋಲ್ಟೇಜು ಏರಿಸಿದರೆ ವ್ಯಾಟು ಏರುವುದಿಲ್ಲ. 348ನ್ನು 13.8ರಿಂದ ಭಾಗಿಸಿದರೆ 25.2 ಆಂಪಿಯರ್. ಲೇಬಲ್ಲಿನಲ್ಲಿರುವ 29 ಸಿಗುವುದು 12 ವೋಲ್ಟಿಗೆ ಮಾತ್ರ. 23 ಆಂಪಿಯರಿನ ರಿಗ್ಗಿಗೆ ಉಳಿಯುವ ಅಂತರ ಎರಡು ಆಂಪಿಯರ್. ಎಸ್‌ಎಸ್‌ಬಿಗೆ ಸಾಕು. ಏಪ್ರಿಲ್ ತಿಂಗಳ ಪಾವಗಡದಲ್ಲಿ, ತಗಡಿನ ಮಾಡಿನ ಕೆಳಗೆ, ಗಂಟೆಗಟ್ಟಲೆ ಎಫ್‌ಟಿ8 ನಡೆಸಲು ಸಾಲದು.

ಇದರ ಇನ್‌ಪುಟ್ 180ರಿಂದ 264. ಸಂಜೆ 170 ಬರುವ ಮನೆಗೆ ಇದು ಸಲ್ಲುವುದಿಲ್ಲ. ಮೈಮೇಲೆ 115/230 ಎಂಬ ಸಣ್ಣ ಸ್ವಿಚ್ ಇದೆ. ಲೈನು 160ಕ್ಕೆ ಇಳಿದಾಗ ‘115ಕ್ಕೆ ಹಾಕಿದರೆ ನಡೆಯುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 115ರ ಸ್ಥಾನದಲ್ಲಿ ಒಳಗಿನ ಸರ್ಕ್ಯೂಟು ವೋಲ್ಟೇಜನ್ನು ದುಪ್ಪಟ್ಟು ಮಾಡುತ್ತದೆ. ಮೋಟಾರುಗಳು ನಿಂತು ಲೈನು 240ಕ್ಕೆ ಏರಿದೊಡನೆ ಒಳಗೆ 650ಕ್ಕೂ ಹೆಚ್ಚು ವೋಲ್ಟ್ ಸೇರಿ ಕೆಪಾಸಿಟರು ಸಿಡಿಯುತ್ತದೆ. ಕೊಂಡ ದಿನವೇ ಸ್ವಿಚ್ 230ರಲ್ಲಿದೆಯೆಂದು ಖಾತ್ರಿ ಮಾಡಿಕೊಂಡು, ಅದರ ಮೇಲೆ ಟೇಪು ಅಂಟಿಸಿಬಿಡಿ.

ಆನ್ ಮಾಡಿದ ಕ್ಷಣ ಇದು 60 ಆಂಪಿಯರಿನವರೆಗೆ ಎಳೆಯುತ್ತದೆ, ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. 6 ಆಂಪಿಯರಿನ ಬಿ ಬಗೆಯ ಎಂಸಿಬಿ ಇದ್ದರೆ ಸುಮ್ಮಸುಮ್ಮನೆ ಬೀಳುತ್ತದೆ. 10 ಆಂಪಿಯರಿನ ಸಿ ಬಗೆಯದು ಸರಿ.

ಆರ್‌ಎಸ್‌ಪಿ ಸರಣಿ: ನಮ್ಮ ಲೈನಿಗೆ ಇದೇ

ಆರ್‌ಎಸ್‌ಪಿ-500-15ರ ಹೆಸರಿನಲ್ಲಿರುವ 15 ಕಂಡು ಹೆದರಬೇಕಿಲ್ಲ. 13.5ರಿಂದ 18ರವರೆಗೆ ಹೊಂದಿಸಬಹುದು, 13.8 ಅದರೊಳಗೇ ಇದೆ. 33.4 ಆಂಪಿಯರ್ ಕೊಡುತ್ತದೆ. ಇಲ್ಲಿ ನಾವು ವೋಲ್ಟೇಜು ಇಳಿಸುತ್ತಿರುವುದರಿಂದ ಆಂಪಿಯರಿನಲ್ಲಿ ಖೋತಾ ಇಲ್ಲ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟು ಒಳಗೇ ಇದೆ. ಅದರ ದೆಸೆಯಿಂದ ಸುಮಾರು 90 ವೋಲ್ಟಿನಿಂದ 264ರವರೆಗೆ ಯಾವ ಸ್ವಿಚ್ಚೂ ಮುಟ್ಟದೆ ನಡೆಯುತ್ತದೆ. ಲೈನು 150ಕ್ಕೆ ಬಿದ್ದರೂ ರಿಗ್ಗಿಗೆ 13.8 ಬರುತ್ತಲೇ ಇರುತ್ತದೆ. ಗೋಡೆಯಿಂದ ಎಳೆಯುವ ಕರೆಂಟು ಮಾತ್ರ ಒಂದೂವರೆ ಆಂಪಿಯರಿನಿಂದ ಎರಡೂವರೆಯ ಹತ್ತಿರಕ್ಕೆ ಏರುತ್ತದೆ. ಸ್ಟೆಬಿಲೈಸರಿನ ದುಡ್ಡು ಉಳಿಯಿತು. ಇದಕ್ಕೆ ತೆರುವ ಹೆಚ್ಚಿನ ಬೆಲೆಯನ್ನು ಈ ಒಂದು ಗುಣಕ್ಕಾಗಿಯೇ ಕೊಡಬಹುದು.

ಇದೇ ಸರಣಿಯ ಆರ್‌ಎಸ್‌ಪಿ-320-13.5 ಚಿಕ್ಕದು, 12ರಿಂದ 15 ವೋಲ್ಟ್ ಹೊಂದಿಕೆ. 13.8ಕ್ಕೆ ಇಟ್ಟಾಗ 23 ಆಂಪಿಯರಿನ ಸುತ್ತ ಸಿಗುತ್ತದೆ. 50 ವ್ಯಾಟಿನವರಿಗೆ ಹೇಳಿ ಮಾಡಿಸಿದ ಹಾಗಿದೆ, 100 ವ್ಯಾಟಿನವರಿಗೆ ಬಿಗಿ.

ಕೊರತೆಗಳೂ ಇವೆ. ಇವು ಕಾರ್ಖಾನೆಯ ಪ್ಯಾನಲ್ಲಿಗೆ ಮಾಡಿದವು. 230 ವೋಲ್ಟಿನ ಟರ್ಮಿನಲ್ಲು ಕೈಗೆ ತಾಗುವ ಹಾಗೆ ಇರುತ್ತದೆ, ಆನ್-ಆಫ್ ಸ್ವಿಚ್ ಇಲ್ಲ, ಮೀಟರ್ ಇಲ್ಲ. ಲೋಹದ ಡಬ್ಬಿ, ಮೂರು ಪಿನ್ನಿನ ಸಾಕೆಟ್, ಫ್ಯೂಸು, ಸ್ವಿಚ್ಚು, ಸಣ್ಣ ಡಿಜಿಟಲ್ ಮೀಟರ್ ನೀವೇ ಹಾಕಿಕೊಳ್ಳಬೇಕು. ಡಬ್ಬಿಗೆ ಅರ್ಥಿಂಗ್ ವೈರನ್ನು ಲಗ್ ಹಾಕಿ, ಬಣ್ಣ ಕೆರೆದು, ನಟ್ಟು ಬಿಗಿದೇ ಕೂಡಿಸಬೇಕು. ಫ್ಯಾನು ಸದ್ದು ಮಾಡುತ್ತದೆ. ಮೈಕಿಗೆ ಕೇಳಿಸದ ಹಾಗೆ ಮೇಜಿನ ಕೆಳಗಿಡಿ, ನೆಲದ ಮೇಲೆ ಬೇಡ, ದೂಳು ಎಳೆಯುತ್ತದೆ.

ಹೊಂದಿಸುವಾಗ ರಿಗ್ ಜೋಡಿಸಿರಬಾರದು. ಕಾರ್ಖಾನೆಯಿಂದ ಬರುವಾಗ ಇದರಲ್ಲಿ 15 ವೋಲ್ಟ್ ಇರುತ್ತದೆ. ಸ್ಕ್ರೂ ತಪ್ಪು ದಿಕ್ಕಿಗೆ ತಿರುಗಿದರೆ 18. ಮಲ್ಟಿಮೀಟರನ್ನು ಡಿಸಿ ಟರ್ಮಿನಲ್ಲಿಗೆ ಕಚ್ಚಿಸಿ, 13.8ಕ್ಕೆ ತಂದು, ಸ್ಕ್ರೂವಿನ ಮೇಲೆ ಒಂದು ಹನಿ ನೇಲ್ ಪಾಲಿಷ್ ಹಾಕಿ. ಫ್ಯಾನಿನ ಅದುರಿಗೆ ಜರುಗುವುದಿಲ್ಲ. ಆಮೇಲೆ ಹೊರೆ ಹಾಕಿ ನೋಡಿ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಒಂದಕ್ಕೆ ಈ ವೋಲ್ಟೇಜಿನಲ್ಲಿ 5 ಆಂಪಿಯರಿನ ಸುತ್ತ. ನಾಲ್ಕು ಬಲ್ಬಿದ್ದರೆ 20 ಆಂಪಿಯರಿನ ಪರೀಕ್ಷೆ ಆಯಿತು. ತಣ್ಣಗಿರುವ ಫಿಲಮೆಂಟು ಮೊದಲ ಕ್ಷಣದಲ್ಲಿ ಹತ್ತು ಪಟ್ಟು ಎಳೆಯುತ್ತದೆ, ನಾಲ್ಕನ್ನೂ ಒಟ್ಟಿಗೆ ಕೊಟ್ಟರೆ ಸಪ್ಲೈ ಏಳದೆ ಹೋಗಬಹುದು. ಒಂದೊಂದಾಗಿ ಸೇರಿಸಿ. ಅರ್ಧ ಗಂಟೆ ಉರಿಸಿದ ಮೇಲೆ ವೋಲ್ಟೇಜು 0.1ಕ್ಕಿಂತ ಹೆಚ್ಚು ಇಳಿದಿದ್ದರೆ ಟರ್ಮಿನಲ್ಲಿನ ಬಿಗಿ ಮೊದಲು ನೋಡಿ.

ಹ್ಯಾಮ್‌ಗಳಿಗೆಂದೇ ಮಾಡಿದವು

ಅಲಿಂಕೊ ಡಿಎಂ-330 ಎಂವಿ 5ರಿಂದ 15 ವೋಲ್ಟ್, ಒಂದೇ ಸಮನೆ 30 ಆಂಪಿಯರ್ ಕೊಡುವ ಸ್ವಿಚಿಂಗ್ ಸಪ್ಲೈ. ಮೀಟರು, ಸ್ವಿಚ್ಚು, ಮುಂದುಗಡೆ ಟರ್ಮಿನಲ್ಲು ಎಲ್ಲ ಇದೆ, ಡಬ್ಬಿಯ ಕೆಲಸ ತಪ್ಪುತ್ತದೆ. ಇದರ ವಿಶೇಷ ‘ನಾಯ್ಸ್ ಆಫ್‌ಸೆಟ್’ ಎಂಬ ಗುಂಡಿ. ನೀವು ಕೇಳುತ್ತಿರುವ ಫ್ರೀಕ್ವೆನ್ಸಿಯ ಮೇಲೇ ಸಪ್ಲೈನ ಗುನುಗು ಬಂದು ಕೂತರೆ, ಗುಂಡಿ ತಿರುಗಿಸಿ ಅದನ್ನು ಪಕ್ಕಕ್ಕೆ ಸರಿಸಬಹುದು. ಗುನುಗು ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಒಂದೇ ಫ್ರೀಕ್ವೆನ್ಸಿಯಲ್ಲಿ ನೆಟ್ (ಹಲವರು ಸೇರಿ ಮಾತಾಡುವ ಕೂಟ) ನಡೆಸುವವರಿಗೆ ಉಪಯೋಗ, ಬ್ಯಾಂಡ್ ತುಂಬ ಓಡಾಡುವವರಿಗೆ ಅಷ್ಟಿಲ್ಲ.

ಅಮೆರಿಕದಿಂದ ಯಾರೋ ತಂದ ಸಪ್ಲೈ ಸೆಕೆಂಡ್ ಹ್ಯಾಂಡಿಗೆ ಸಿಗುತ್ತದೆಂದರೆ ಹಿಂಬದಿಯ ಫಲಕ ಓದದೆ ದುಡ್ಡು ಕೊಡಬೇಡಿ. ಅಲ್ಲಿನ ಲೀನಿಯರ್ ಸಪ್ಲೈಗಳು ಬಹುಪಾಲು 115 ವೋಲ್ಟ್, 60 ಹರ್ಟ್ಸಿನವು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಇಳಿಸಿದರೂ ನಮ್ಮ 50 ಹರ್ಟ್ಸಿಗೆ ಅದರ ಕಬ್ಬಿಣದ ಕೋರು ಹೆಚ್ಚು ಬಿಸಿಯಾಗುತ್ತದೆ, ರಿಪಲ್ಲೂ ಜಾಸ್ತಿ.

ಹಾಗೆಂದು ಲೀನಿಯರ್ ಸಪ್ಲೈಯನ್ನು ತಳ್ಳಿಹಾಕುವಂತಿಲ್ಲ. 230 ವೋಲ್ಟಿಗೆ ಕಟ್ಟಿದ ಒಳ್ಳೆಯ ಲೀನಿಯರ್ ಸಪ್ಲೈ ರೇಡಿಯೊ ಗದ್ದಲ ಮಾಡುವುದಿಲ್ಲ, ರಿಪೇರಿ ಸುಲಭ, ಹನ್ನೆರಡು ಕೆಜಿ ತೂಕ ಹೊರುವ ಮೇಜಿದ್ದರೆ ಸಾಕು. ತುಮಕೂರು, ಕೋಲಾರ ಪಟ್ಟಣದೊಳಗೆ ವೋಲ್ಟೇಜು 210ಕ್ಕಿಂತ ಕೆಳಗೆ ಇಳಿಯದ ಮನೆಗಳಿಗೆ ಇದು ಈಗಲೂ ಉತ್ತಮ. ಒಂದು ಷರತ್ತು: ಕ್ರೋಬಾರ್ ಇರಬೇಕು. ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 20 ವೋಲ್ಟಿಗೂ ಮೇಲೆ ನೇರ ರಿಗ್ಗಿಗೆ ಹೋಗುತ್ತದೆ. ಕ್ರೋಬಾರ್ ಇದ್ದರೆ 15, 16 ವೋಲ್ಟ್ ದಾಟಿದ ಕ್ಷಣ ಎಸ್‌ಸಿಆರ್ ಎಂಬ ಸ್ವಿಚ್ಚಿನಂಥ ಬಿಡಿಭಾಗ ಔಟ್‌ಪುಟ್ಟನ್ನು ಶಾರ್ಟ್ ಮಾಡಿ ಫ್ಯೂಸು ಹಾರಿಸುತ್ತದೆ. ಇಪ್ಪತ್ತು ರೂಪಾಯಿಯ ಫ್ಯೂಸು ಹೋಗುತ್ತದೆ, ರಿಗ್ಗು ಉಳಿಯುತ್ತದೆ.

ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್ ತಿದ್ದಿ ಬಳಸುವ ಉಪಾಯವೂ ಚಾಲ್ತಿಯಲ್ಲಿದೆ. ತಿದ್ದದೆ ಬಳಸಿದರೆ 12 ವೋಲ್ಟು ಮಾತ್ರ, ವೈರಿನಲ್ಲಿ ಅರ್ಧ ವೋಲ್ಟು ಹೋದರೆ 11.7ರ ಗೆರೆ ದಾಟಿ ಕೆಳಗೆ. ತಿದ್ದಿ 13.8ಕ್ಕೆ ಏರಿಸಿದರೆ ಒಳಗಿನ 16 ವೋಲ್ಟಿನ ಕೆಪಾಸಿಟರುಗಳಿಗೆ ಉಸಿರಾಡಲು ಜಾಗವಿಲ್ಲ. ಬೆಲೆಬಾಳುವ ರಿಗ್ಗಿಗೆ ಇದು ಬೇಡ.

ಗದ್ದಲದ ವಿಚಾರ

ಗೌರಿಬಿದನೂರಿನ ಹತ್ತಿರ 34.5 ಮೆಗಾಹರ್ಟ್ಸಿನಲ್ಲಿ ಆಕಾಶ ಆಲಿಸುವ ದೊಡ್ಡ ರೇಡಿಯೊ ದೂರದರ್ಶಕವನ್ನು ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದವು. ಎಚ್‌ಎಫ್‌ಗೆ ಅಂಟಿಕೊಂಡೇ ಇರುವ ಆ ಫ್ರೀಕ್ವೆನ್ಸಿಯಲ್ಲಿ ನಕ್ಷತ್ರಲೋಕದ ಕ್ಷೀಣ ಸದ್ದು ಹಿಡಿಯಬೇಕಾದರೆ ಸುತ್ತಲಿನ ಬಯಲು ಮೌನವಾಗಿರಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸು ಪಿ.372ರ ಪ್ರಕಾರ ನಗರಕ್ಕೂ ಹಳ್ಳಿಗೂ ಮನುಷ್ಯ ಮಾಡುವ ರೇಡಿಯೊ ಗದ್ದಲದಲ್ಲಿ ಸುಮಾರು 10 ಡೆಸಿಬೆಲ್ ವ್ಯತ್ಯಾಸ, ರಿಗ್ಗಿನಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದೂವರೆ ಅಂಕಕ್ಕೂ ಮಿಗಿಲು. ಬೆಂಗಳೂರಿನವರು ಎಷ್ಟು ದುಡ್ಡು ಕೊಟ್ಟರೂ ಸಿಗದ ಈ ಸಂಪತ್ತನ್ನು ನಾವು ಒಂದು ಕೆಟ್ಟ ಎಸ್‌ಎಂಪಿಎಸ್ಸಿನಿಂದ ಕಳೆದುಕೊಳ್ಳಬಾರದು.

ರೇಡಿಯೊ ಗದ್ದಲಕ್ಕೆ ಮಿತಿ ಹಾಕುವ ಮಾನದಂಡದಲ್ಲಿ ‘ಕ್ಲಾಸ್ ಬಿ ಪಾಸಾಗಿದೆ’ ಎಂಬ ಮುದ್ರೆ ಸಾಲದು. ಆ ಮಾನದಂಡ 5ರಿಂದ 30 ಮೆಗಾಹರ್ಟ್ಸಿನ ನಡುವೆ ಕರೆಂಟ್ ವೈರಿನ ಮೇಲೆ ಸರಾಸರಿ 50 ಡಿಬಿ ಮೈಕ್ರೊವೋಲ್ಟ್ ಗದ್ದಲಕ್ಕೆ ಅವಕಾಶ ಕೊಡುತ್ತದೆ. ನಮ್ಮ ರಿಸೀವರಿನ ಎಸ್9 ಎಂದರೆ 50 ಮೈಕ್ರೊವೋಲ್ಟ್, ಅಂದರೆ 34 ಡಿಬಿ ಮೈಕ್ರೊವೋಲ್ಟ್. ಮುದ್ರೆ ಇರುವ ಸಪ್ಲೈ ಕೂಡ ವೈರಿನ ಮೇಲೆ ಎಸ್9ಕ್ಕಿಂತ 16 ಡಿಬಿ ಹೆಚ್ಚು ಇರಬಹುದು. ಅದರ ಸ್ವಲ್ಪ ಪಾಲು ಆಂಟೆನಾಕ್ಕೆ ತಲುಪಿದರೂ ಕ್ಷೀಣ ಸ್ಟೇಷನ್ನುಗಳು ಮುಳುಗುತ್ತವೆ. ಹೆಸರಿಲ್ಲದ ಎಸ್‌ಎಂಪಿಎಸ್ಸುಗಳಲ್ಲಂತೂ ಫಿಲ್ಟರ್ ಕಾಯಿಲ್ ಕೂರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ ಬೆಸೆದಿರುತ್ತಾರೆ. ಮುಚ್ಚಳ ತೆಗೆದರೆ ಕಣ್ಣಿಗೇ ಕಾಣುತ್ತದೆ.

ಪರೀಕ್ಷೆ ಹೀಗೆ ಮಾಡಿ. ಹಗಲು, 7 ಮೆಗಾಹರ್ಟ್ಸ್, ಪ್ರೀಆಂಪ್ ಆಫ್. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ರಿಗ್ಗನ್ನು ಬ್ಯಾಟರಿಯಲ್ಲಿ ನಡೆಸಿ, ಎಸ್ ಮೀಟರ್ ಬರೆದುಕೊಳ್ಳಿ. ಇದು ನಿಮ್ಮ ಊರಿನ ನಿಜವಾದ ಮೌನ. ಮೇನ್ ಹಾಕಿ ಮತ್ತೆ ನೋಡಿ: ಏರಿದ್ದು ಮನೆಯ ಎಲ್‌ಇಡಿ ಬಲ್ಬು, ಯುಪಿಎಸ್ಸುಗಳ ಪಾಲು. ಈಗ ರಿಗ್ ಬ್ಯಾಟರಿಯಲ್ಲೇ ಇರಲಿ, ಹೊಸ ಸಪ್ಲೈಗೆ ಬಲ್ಬಿನ ಹೊರೆ ಕೊಟ್ಟು ಪಕ್ಕದಲ್ಲಿ ಆನ್ ಮಾಡಿ. 7.000ದಿಂದ 7.200ರವರೆಗೆ ನಿಧಾನ ತಿರುಗಿಸಿ. ಹಲವು ಹತ್ತು ಕಿಲೊಹರ್ಟ್ಸಿಗೊಮ್ಮೆ ಗುರ್ ಎನ್ನುವ ದಿಣ್ಣೆ ಸಿಕ್ಕಿ, ಒಂದು ಬಲ್ಬು ತೆಗೆದಾಗ ಅದು ಪಕ್ಕಕ್ಕೆ ಜಾರಿದರೆ ಕಳ್ಳ ಸಪ್ಲೈಯೇ. ಹೊರೆಯಿಲ್ಲದೆ ಮಾತ್ರ ಪರೀಕ್ಷಿಸಿ ‘ಸದ್ದಿಲ್ಲ’ ಎನ್ನುವುದು ತಪ್ಪು.

ಮದ್ದು ಫೆರೈಟ್. ಎಚ್‌ಎಫ್‌ಗೆ ಮಿಕ್ಸ್ 31 ಎಂಬ ಬಗೆಯದು, ಸುಮಾರು 61 ಮಿಲಿಮೀಟರ್ ಅಗಲದ ದೊಡ್ಡ ಉಂಗುರ, ಎಫ್‌ಟಿ240-31 ಎಂದು ಕೇಳಬೇಕು. ಮಿಕ್ಸ್ 43 ಎತ್ತರದ ಬ್ಯಾಂಡುಗಳಿಗೆ ಒಳ್ಳೆಯದು, 80 ಮೀಟರಿನಲ್ಲಿ 31ರಷ್ಟು ಹಿಡಿಯುವುದಿಲ್ಲ. ಕರೆಂಟಿನ ಮೂರೂ ವೈರು, ಫೇಸ್, ನ್ಯೂಟ್ರಲ್, ಅರ್ಥ್, ಒಟ್ಟಿಗೆ ಹತ್ತು ಸುತ್ತು. ಅರ್ಥ್ ವೈರನ್ನು ಹೊರಗೆ ಬಿಟ್ಟರೆ ಗದ್ದಲ ಅದರಲ್ಲೇ ದಾಟಿಕೊಳ್ಳುತ್ತದೆ. ಡಿಸಿ ಕಡೆ ಪ್ಲಸ್, ಮೈನಸ್ ಎರಡೂ ಒಟ್ಟಿಗೆ ಆರೇಳು ಸುತ್ತು. ಒಂದನ್ನೇ ಸುತ್ತಿದರೆ 20 ಆಂಪಿಯರಿಗೆ ಕೋರು ತುಂಬಿಹೋಗಿ ಕೆಲಸ ನಿಲ್ಲಿಸುತ್ತದೆ. ಸುತ್ತು ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಒಂದೇ ಸುತ್ತಿನ ಹತ್ತು ಕ್ಲಿಪ್ಪುಗಳಿಗಿಂತ ಹತ್ತು ಸುತ್ತಿನ ಒಂದು ಉಂಗುರ ಎಷ್ಟೋ ಮೇಲು. ಕರೆಂಟಿನ ಕಡೆ ಮಾಮೂಲಿ ಸೆರಾಮಿಕ್ ಕೆಪಾಸಿಟರ್ ಹಾಕಲೇಬೇಡಿ, ಕರೆಂಟ್ ಲೈನಿಗೆಂದೇ ಮಾಡಿದ ಎಕ್ಸ್ ಮತ್ತು ವೈ ದರ್ಜೆಯವು ಮಾತ್ರ.

ವೈರು

ಒಳ್ಳೆಯ ಸಪ್ಲೈ ತಂದು ತೆಳು ವೈರು ಹಾಕಿದರೆ ದುಡ್ಡು ದಂಡ. ಸಪ್ಲೈಯಿಂದ ರಿಗ್ಗಿಗೆ 3 ಮೀಟರ್ ಇದ್ದರೆ ಹೋಗಿ ಬರಲು 6 ಮೀಟರ್ ತಾಮ್ರ. 22 ಆಂಪಿಯರಿಗೆ 2.5 ಸ್ಕ್ವೇರ್ ವೈರಿನಲ್ಲಿ 1 ವೋಲ್ಟಿನಷ್ಟು ಕಳೆದುಹೋಗುತ್ತದೆ, 4 ಸ್ಕ್ವೇರಿನಲ್ಲಿ 0.6, 6 ಸ್ಕ್ವೇರಿನಲ್ಲಿ 0.4. ಸಪ್ಲೈಯನ್ನು ಒಂದೂವರೆ ಮೀಟರಿಗೆ ಹತ್ತಿರ ತಂದರೆ ಇವೆಲ್ಲ ಅರ್ಧ. ಎಳೆಎಳೆಯಾದ ಫ್ಲೆಕ್ಸಿಬಲ್ ತಾಮ್ರವೇ ಇರಲಿ. ಮಾತಾಡುವಾಗ ರಿಗ್ಗಿನ ಪ್ಲಗ್ಗಿನ ಹತ್ತಿರವೇ ವೋಲ್ಟೇಜು ಅಳೆಯಬೇಕು: ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ಎಫ್‌ಎಂನಲ್ಲಿ ಪೂರ್ತಿ ಪವರಿಗೆ ಹತ್ತು ಸೆಕೆಂಡ್ ಒತ್ತಿ. 13.2ಕ್ಕಿಂತ ಕಡಿಮೆ ಬಂದರೆ ಒಂದೊಂದೇ ಕೂಡಿಕೆ ಮುಟ್ಟಿ ನೋಡಿ, ಬಿಸಿ ಇರುವಲ್ಲಿ ಕ್ರಿಂಪಿಂಗ್ ಸಡಿಲ ಇದೆ.

ಆಂಡರ್ಸನ್ ಪವರ್‌ಪೋಲ್ ಕನೆಕ್ಟರ್ ಹಾಕುವವರು 45 ಆಂಪಿಯರಿನ ಪಿನ್ನನ್ನೇ ಕೊಳ್ಳಿ. 4 ಸ್ಕ್ವೇರ್ ಅದರಲ್ಲಿ ಸಲೀಸಾಗಿ ಕೂರುತ್ತದೆ, 6 ಸ್ಕ್ವೇರ್ ತುರುಕಲು ಎಳೆ ಕತ್ತರಿಸಬೇಡಿ. ಫ್ಯೂಸು ಪ್ಲಸ್ಸಿನಲ್ಲೂ ಮೈನಸ್ಸಿನಲ್ಲೂ ರಿಗ್ಗಿನ ಜೊತೆ ಬಂದ ಅಳತೆಯದೇ ಇರಲಿ.

ಬ್ಯಾಟರಿ ಜೋಡಿಸುವುದಾದರೆ

ಕರೆಂಟು ಹೋದಾಗ ಮನೆಯ ಇನ್ವರ್ಟರಿನಿಂದ ಈ ಸಪ್ಲೈ ನಡೆಸುವುದು ಕೆಟ್ಟ ದಾರಿ. 12 ವೋಲ್ಟನ್ನು 230 ಮಾಡಿ ಮತ್ತೆ 13.8ಕ್ಕೆ ಇಳಿಸುವುದರಲ್ಲಿ ಕಾಲು ಭಾಗ ಹಾಳು, ಇನ್ವರ್ಟರಿನ ಗದ್ದಲ ಬೇರೆ. ರಿಗ್ಗಿಗೆ ನೇರ ಬ್ಯಾಟರಿಯೇ ಸರಿ. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ 13.8 ವೋಲ್ಟ್ ಎಂದರೆ ಸೆಲ್ಲಿಗೆ 3.45, ಬಹುಪಾಲು ತುಂಬಲು ಅಷ್ಟು ಸಾಕು. ಟ್ಯೂಬುಲರ್ ಲೆಡ್ ಆಸಿಡ್ ಆದರೆ ಬೇಸಿಗೆಗೆ ಇಳಿಸಬೇಕು: 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ 18 ಮಿಲಿವೋಲ್ಟ್. 38 ಡಿಗ್ರಿ ಇರುವ ಕೋಣೆಯಲ್ಲಿ 13.8 ಬದಲು 13.55ರ ಸುತ್ತ. ಇಲ್ಲದಿದ್ದರೆ ನೀರು ಬೇಗ ಆರುತ್ತದೆ.

ಬ್ಯಾಟರಿಯನ್ನು ಸಪ್ಲೈಗೆ ನೇರ ಕಟ್ಟಬಾರದು. ಕ್ರೋಬಾರ್ ಇರುವ ಲೀನಿಯರ್ ಸಪ್ಲೈ ಆದರೆ ಇದು ಅಪಾಯ: ಎಸ್‌ಸಿಆರ್ ಒಮ್ಮೆ ಹೊಡೆದರೆ ಬ್ಯಾಟರಿ ಪೂರ್ತಿ ಶಾರ್ಟ್ ಆಗಿ ವೈರು ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ಕರೆಂಟು ಸಪ್ಲೈಗೆ ಹಿಂದಕ್ಕೆ ಹರಿಯದಂತೆ ನಡುವೆ 40 ಆಂಪಿಯರಿನ ಷಾಟ್ಕಿ ಡಯೋಡನ್ನು ಹೀಟ್‌ಸಿಂಕ್ ಮೇಲೆ ಕೂರಿಸಿ. ಅದು 0.4ರಿಂದ 0.5 ವೋಲ್ಟ್ ನುಂಗಿ 10 ವ್ಯಾಟ್ ಬಿಸಿ ಮಾಡುತ್ತದೆ. ಎಲ್‌ಆರ್‌ಎಸ್‌ನ 13.8ರಲ್ಲಿ ಅದನ್ನು ತುಂಬಿಕೊಡಲು ಆಗದು, ಆರ್‌ಎಸ್‌ಪಿ-500-15ನ್ನು 14.2ಕ್ಕೆ ಏರಿಸಿದರೆ ಆಯಿತು. ರಿಗ್ ಆಫ್ ಇರುವಾಗ ಡಯೋಡಿನಲ್ಲಿ ಇಳಿಕೆ ಕಡಿಮೆಯಾಗಿ ಬ್ಯಾಟರಿಗೆ 14 ತಲುಪುತ್ತದೆ. ಲಿಥಿಯಂಗೆ ಅದು ಪರವಾಗಿಲ್ಲ, ಲೆಡ್ ಆಸಿಡ್ಡಿಗೆ ದಿನಗಟ್ಟಲೆ ಬಿಡಬಾರದು. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 30 ಆಂಪಿಯರಿನ ಫ್ಯೂಸು. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಈ ಸಪ್ಲೈಗೆ ಕೊಡಬೇಡಿ. ಕೆಲವು ಎಸ್‌ಎಂಪಿಎಸ್ಸುಗಳು ಹೊರೆ ಮೀರಿದಾಗ ಬಿಕ್ಕಳಿಸಿದಂತೆ ಆನ್-ಆಫ್ ಆಗುತ್ತಲೇ ಇರುತ್ತವೆ, ಚಾರ್ಜು ಏರುವುದೇ ಇಲ್ಲ. ಬೇರೆ ಚಾರ್ಜರಿನಲ್ಲಿ ತುಂಬಿ ಆಮೇಲೆ ಜೋಡಿಸಿ.

ಕೊನೆಯದಾಗಿ ಹಲ್ಲಿ. ಬೆಚ್ಚಗಿರುವ ಎಸ್‌ಎಂಪಿಎಸ್ ಅವಕ್ಕೆ ಪ್ರಿಯ, ಒಳಗೆ ಹೊಕ್ಕು 300 ವೋಲ್ಟಿನ ಭಾಗಕ್ಕೆ ತಾಗಿದರೆ ಹಲ್ಲಿಯೂ ಹೋಗುತ್ತದೆ, ಸಪ್ಲೈಯೂ ಹೋಗುತ್ತದೆ. ಡಬ್ಬಿಯ ಗಾಳಿ ಕಿಂಡಿಗಳಿಗೆ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಒಳಗಿನಿಂದ ಕೂರಿಸಿ, ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಬ್ರಷ್ಷಿನಿಂದ ದೂಳು ತೆಗೆಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ಗನ್ನೂ ಆಂಟೆನಾ ಕೇಬಲ್ಲನ್ನೂ ಎರಡನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ.